ಬಯೋಡೇಟಾದಲ್ಲಿ ಬಾರದ ಕಾರಣ

ನನ್ನ ಬಯೋಡೇಟಾ ಓದಿದವರಿಗೆ ನಾನು ಬಹಳ ಲೆಕ್ಕಾಚಾರದವಳು ಅನ್ನಿಸಬಹುದು. ಮೊದಲು ಸೈಟ್ ಎಂಜಿನಿಯರ್. ಆಮೇಲೆ ಆಫೀಸಿನಲ್ಲಿ ಕೂತು ಎಸ್ಟಿಮೇಟ್ ಮಾಡುವ ಕೆಲಸ. ಆಮೇಲೆ ಟೆಂಡರ್, ಕಾಂಟ್ರ್ಯಾಕ್ಟ್ ಕಾಗದಪತ್ರ ನೋಡುವ ಕೆಲಸ, ಅದೂ ಹೆಚ್ಚಿನ ದಿನ ಮನೆಯಿಂದಲೇ. ಒಂದೊಂದು ತಿರುವಿಗೂ ಮರ್ಯಾದಸ್ಥ ಕಾರಣ ಕೊಟ್ಟಿದ್ದೇನೆ. ಒಂದು ಕಡೆಯಂತೂ 'ಯೋಜನೆಗಳ ಹಣಕಾಸಿನ ಭಾಗವನ್ನು ಅರಿಯುವ ಆಸಕ್ತಿ' ಅಂತ ಬರೆದಿದ್ದೇನೆ. ಅದೇನೂ ಸುಳ್ಳಲ್ಲ. ಲೆಕ್ಕ ನನಗೆ ನಿಜವಾಗಿಯೂ ಇಷ್ಟ. ಆದರೆ ಆ ಆಸಕ್ತಿ ಹುಟ್ಟಿದ್ದು ಆಮೇಲೆ. ಅದಕ್ಕೆ ಮುಂಚೆ ಹುಟ್ಟಿದ್ದು ಕೈಬೆರಳಿನ ಗಂಟುಗಳ ಊತ.

ರುಮಟಾಯ್ಡ್ ಆರ್ಥರೈಟಿಸ್. ವಯಸ್ಸಾದ ಮೇಲೆ ಮಂಡಿ ಸವೆಯುತ್ತಲ್ಲ, ಅದಲ್ಲ ಇದು. ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ತನ್ನ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಗಂಡಸರಿಗಿಂತ ಹೆಂಗಸರಲ್ಲಿ 2-3 ಪಟ್ಟು ಜಾಸ್ತಿ. ಸಾಮಾನ್ಯವಾಗಿ 30ರಿಂದ 60 ವರ್ಷದ ನಡುವೆ ಶುರುವಾಗುತ್ತದೆ. ಅಂದರೆ ಸರಿಯಾಗಿ ದುಡಿಯುವ ವಯಸ್ಸಿನಲ್ಲಿ. ನನಗೆ ಇನ್ನೂ ಸ್ವಲ್ಪ ಬೇಗನೇ ಬಂತು.

ನೋವಿಗೆ ಮಾತ್ರೆ ಇದೆ. ಇತ್ತೀಚೆಗೆ ಕಾಡುತ್ತಿರುವ ಒಂದು ಪ್ರಶ್ನೆಗೆ ಮಾತ್ರ ಇಲ್ಲ. ನಾನು ಮಾಡಿದ ಆಯ್ಕೆಗಳಲ್ಲಿ ನನ್ನದೆಷ್ಟು, ಕಾಯಿಲೆಯದೆಷ್ಟು? ಯಾರೂ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಯಾರೂ 'ನಿನ್ನ ಕೈಲಾಗಲ್ಲ' ಅನ್ನಲಿಲ್ಲ. ಆದರೂ ಹೊರಟ ದಾರಿಯೇ ಬೇರೆ, ಈಗಿರುವ ಜಾಗವೇ ಬೇರೆ.

ಸ್ಲ್ಯಾಬ್ ಹಾಕುವ ಬೆಳಗ್ಗೆ

ಕಟ್ಟಡದ ಕೆಲಸ ಗೊತ್ತಿದ್ದವರಿಗೆ ಸ್ಲ್ಯಾಬ್ ಹಾಕುವ ದಿನ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಬಿಸಿಲೇರುವ ಮುಂಚೆ ಕಾಂಕ್ರೀಟ್ ಶುರುವಾಗಬೇಕು. ಅದಕ್ಕೂ ಮುಂಚೆ ಏಣಿ ಹತ್ತಿ ಕೊನೆಯ ಸಲ ಎಲ್ಲ ನೋಡಬೇಕು. ಕಾಂಕ್ರೀಟ್ ಹೊರುವ ಸೆಂಟ್ರಿಂಗ್ ಗಟ್ಟಿ ನಿಂತಿದೆಯಾ, ಕಂಬಿಗಳ ಅಂತರ ಸರಿ ಇದೆಯಾ, ಯಾರಾದರೂ ತುಳಿದು ಕಂಬಿಯ ಕೆಳಗಿಡುವ ಕವರ್ ಬ್ಲಾಕ್ ಜಾರಿದೆಯಾ, ಕರೆಂಟಿನ ಪೈಪು ಎಲ್ಲೆಲ್ಲಿ ಹೋಗಿದೆ. ಕಂಬಿ ಜಾಲರಿಯ ಮೇಲೆ ಬಗ್ಗಿಕೊಂಡೇ ನಡೆಯಬೇಕು. ಒಮ್ಮೆ ಶುರುವಾದರೆ ಮಧ್ಯೆ ನಿಲ್ಲಿಸುವ ಹಾಗಿಲ್ಲ. ಮೊದಲು ಹಾಕಿದ್ದು ಬಿಗಿದುಕೊಂಡ ಮೇಲೆ ಪಕ್ಕದಲ್ಲಿ ಹೊಸ ಕಾಂಕ್ರೀಟ್ ಸುರಿದರೆ ಎರಡೂ ಸರಿಯಾಗಿ ಬೆಸೆಯುವುದಿಲ್ಲ. ಕೋಲ್ಡ್ ಜಾಯಿಂಟ್ ಅನ್ನುತ್ತಾರೆ. ಮುಂದೆ ನೀರು ಸೋರಲು ಶುರುವಾಗುವುದು ಅಂಥ ಕಡೆಯೇ. ಕಾಂಕ್ರೀಟಿಗೆ ಯಾರ ಆರೋಗ್ಯವೂ ಗೊತ್ತಾಗಲ್ಲ.

ನನ್ನ ಕಾಯಿಲೆಗೆ ಅದೇ ಹೊತ್ತು ಕೆಟ್ಟ ಹೊತ್ತು. ಉರಿಯೂತ ಹೆಚ್ಚಿಸುವ ಐಎಲ್-6 ಎಂಬ ಪ್ರೋಟೀನು ರಕ್ತದಲ್ಲಿ ಏರುವುದು ರಾತ್ರಿಯ ಕೊನೆಯ ಜಾವದಲ್ಲಿ. ಹಾಗಾಗಿ ಎದ್ದಾಗ ಕೀಲುಗಳೆಲ್ಲ ಬಿಗಿದಿರುತ್ತವೆ. ಮುಷ್ಟಿ ಕಟ್ಟಲು ಆಗಲ್ಲ. ನಲ್ಲಿ ತಿರುಗಿಸಲು ಎರಡು ಕೈ ಬೇಕು. ಒಂದು ಗಂಟೆ ಹೀಗೆ, ಕೆಲವೊಮ್ಮೆ ಇನ್ನೂ ಜಾಸ್ತಿ. ತಮಾಷೆ ಅಂದರೆ, ಹತ್ತು ಗಂಟೆಯ ಹೊತ್ತಿಗೆ ಅದೇ ಕೈ ಹೆಚ್ಚುಕಡಿಮೆ ಮಾಮೂಲಿ. ಹತ್ತು ಗಂಟೆಗೆ ನನ್ನನ್ನು ನೋಡಿದವರು 'ನಿಮಗೇನೂ ಆಗೇ ಇಲ್ವಲ್ಲ' ಅಂತಿದ್ದರು. ಆ ಹೊತ್ತಿನಲ್ಲಿ ಯಾವ ಏಣಿ ತೋರಿಸಿದರೂ ಹತ್ತುತ್ತಿದ್ದೆ. ಆದರೆ ಏಣಿ ಹತ್ತಬೇಕಾಗಿದ್ದು ಆರು ಗಂಟೆಗೆ.

ಒಂದು ಬೆಳಗ್ಗೆ ಏಣಿಯ ಕೆಳಗೆ ನಿಂತಿದ್ದೆ. ಕಂಬಿ ಹಿಡಿದು ಹತ್ತಲು ಬೆರಳು ಮಡಚುತ್ತಿರಲಿಲ್ಲ. ಮೊಣಕೈ ಸುತ್ತಿ ಹತ್ತೋಣ ಅಂತ ನೋಡುತ್ತಿದ್ದೆ. ಮೇಸ್ತ್ರಿ ಮೇಲಿನಿಂದ ಅದನ್ನು ಗಮನಿಸಿದ್ದರು. ಇಳಿದು ಬಂದರು. "ಮೇಡಂ, ನೀವು ಕೆಳಗೇ ಇರಿ. ಮೇಲಿಂದು ನಾನು ನೋಡ್ಕೋತೀನಿ. ಏನಾದ್ರೂ ಡೌಟ್ ಇದ್ರೆ ಕೂಗ್ತೀನಿ" ಅಂದರು. ಬೇಡ ಅನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವರು ಹತ್ತಿಯಾಗಿತ್ತು. ಒಂದೊಂದು ಮೂಲೆಯ ಫೋಟೋ ತೆಗೆದು ಮೊಬೈಲಿಗೆ ಕಳಿಸಿದರು. ಫೋಟೋದಲ್ಲಿ ಎಲ್ಲ ಸರಿಯಾಗಿತ್ತು. ಕೆಲಸವೂ ಸರಿಯಾಗಿಯೇ ಮುಗಿಯಿತು.

ಮುಂದಿನ ಸ್ಲ್ಯಾಬಿನ ದಿನ ಮಿಕ್ಸರ್ ಪಕ್ಕದಲ್ಲಿ ನನಗೆಂದು ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಯಾರೂ ಏನೂ ಹೇಳಲಿಲ್ಲ. ಸುಮ್ನೆ ಇಟ್ಟಿದ್ದರು. ಆಮೇಲೆ ಪ್ರಾಜೆಕ್ಟ್ ಮ್ಯಾನೇಜರ್, "ಈ ಸಲದ ಬಿಲ್ ನೀವೇ ಮಾಡಿ, ನಿಮ್ಮ ಅಳತೆ ನೀಟಾಗಿರುತ್ತೆ" ಅಂದರು. ಮಾಡಿದೆ. ಅದರ ಮುಂದಿನದ್ದೂ ಮಾಡಿದೆ. ಕಂಬಿಯ ಲೆಕ್ಕ, ಅಳತೆ ಪುಸ್ತಕ, ಕಾಂಟ್ರ್ಯಾಕ್ಟರ್ ಬಿಲ್ಲು ಎಲ್ಲ ನನ್ನ ಮೇಜಿಗೆ ಬರತೊಡಗಿದವು. ಸೈಟಿನ ಶೆಡ್ಡಿನಿಂದ ಆ ಮೇಜು ಆಫೀಸಿಗೆ ಹೋಯಿತು. ಅದರ ಹಿಂದೆ ನಾನೂ ಹೋದೆ.

ಆ ಮೇಸ್ತ್ರಿಯ ಮೇಲೆ ನನಗೆ ಇವತ್ತಿಗೂ ಗೌರವ ಇದೆ. ಆದರೆ ಒಂದು ಮಾತು ಹೇಳಲೇಬೇಕು. ಯಾರಾದರೂ ಅವತ್ತು 'ಏಣಿ ಹತ್ತಲಾಗದವರು ಸೈಟಿಗೆ ಯಾಕೆ ಬರ್ತೀರಿ' ಅಂತ ರೇಗಿದ್ದರೆ ನಾನು ಜಗಳ ಆಡುತ್ತಿದ್ದೆ. ಹಟಕ್ಕಾದರೂ ಹತ್ತುತ್ತಿದ್ದೆ. ಇಲ್ಲವೇ 'ಸ್ಲ್ಯಾಬನ್ನು ಎಂಟು ಗಂಟೆಗೆ ಶುರು ಮಾಡೋಣ, ಏನು ತೊಂದರೆ' ಅಂತ ಕೇಳುತ್ತಿದ್ದೆ. ಕುರ್ಚಿ ಹಾಕಿಕೊಟ್ಟವರ ಜೊತೆ ಜಗಳ ಆಡುವುದು ಹೇಗೆ? ಕಾಳಜಿ ಮುಂದೆ ನಿಂತಾಗ 'ಇದು ನನ್ನ ಕೆಲಸ, ನನಗೆ ಬೇಕು' ಅನ್ನುವುದು ಕೃತಘ್ನತೆ ಅನ್ನಿಸುತ್ತದೆ. ದೀರ್ಘಕಾಲದ ಕಾಯಿಲೆಯವರು ಬಹಳಷ್ಟು ಕೆಲಸ ಕಳೆದುಕೊಳ್ಳುವುದು ಹೀಗೆ, ಒಳ್ಳೆಯವರ ಕೈಯಿಂದ.

ಇದರ ಪರಿಣಾಮ ತಕ್ಷಣ ಗೊತ್ತಾಗಲ್ಲ. ಆಗ ನನಗೆ ಸಂಬಳ ಕಮ್ಮಿಯಾಗಲಿಲ್ಲ, ಸ್ವಲ್ಪ ಹೆಚ್ಚೇ ಆಯಿತು. ಬಿಸಿ ತಟ್ಟಿದ್ದು ವರ್ಷಗಳು ಕಳೆದ ಮೇಲೆ. ಪ್ರಾಜೆಕ್ಟ್ ಮ್ಯಾನೇಜರ್ ಹುದ್ದೆಗೆ ಅರ್ಜಿ ಕರೆದಾಗ ಮೊದಲ ಅರ್ಹತೆಯೇ ಇಂತಿಷ್ಟು ವರ್ಷದ ಸೈಟ್ ಅನುಭವ. ನನ್ನ ಹತ್ತಿರ ಅಷ್ಟು ಇರಲಿಲ್ಲ. ನನ್ನ ಜೊತೆ ಸೇರಿದವರ ಹತ್ತಿರ ಇತ್ತು. ಅಲ್ಲಿ ಕಾಯಿಲೆಯ ಮಾತೇ ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ.

ನಾನು ಬರದಿದ್ದರೆ ಏನು ನಿಲ್ಲುತ್ತದೆ

ಕಾಯಿಲೆ ಎಷ್ಟು ಜೋರು ಅನ್ನುವುದಕ್ಕಿಂತ ಅದು ಯಾವಾಗ ಬರುತ್ತದೆ ಅನ್ನುವುದೇ ಕೆಲಸವನ್ನು ತೀರ್ಮಾನಿಸುತ್ತದೆ ಅಂತ ನನಗೀಗ ಅನ್ನಿಸುತ್ತದೆ. ದಿನಾ ಒಂದೇ ಸಮನೆ ಇರುವ ತೊಂದರೆಗೆ ಏನಾದರೂ ವ್ಯವಸ್ಥೆ ಮಾಡಿಕೊಳ್ಳಬಹುದು. ಸುಲಭ ಅಂತ ಹೇಳುತ್ತಿಲ್ಲ. ಆದರೆ ವ್ಯವಸ್ಥೆ ಅಂತ ಒಂದು ಸಾಧ್ಯ. ಎರಡು ತಿಂಗಳು ಸುಮ್ಮನಿದ್ದು, ಮಂಗಳವಾರ ಬೆಳಗ್ಗೆ ಇದ್ದಕ್ಕಿದ್ದಂತೆ ಏಳಲು ಬಿಡದ ಕಾಯಿಲೆಗೆ ಏನು ವ್ಯವಸ್ಥೆ ಮಾಡುತ್ತೀರಿ? ನಾವು ಇದನ್ನು ಫ್ಲೇರ್ ಅನ್ನುತ್ತೇವೆ. ಲೂಪಸ್, ಕ್ರೋನ್ಸ್, ಮೈಗ್ರೇನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಅಪಸ್ಮಾರ, ಆಸ್ತಮಾ ಇವೆಲ್ಲ ಬೇರೆ ಬೇರೆ ಕಾಯಿಲೆಗಳು. ಆದರೆ ಬಹಳ ಜನರಿಗೆ ಇವು ಬಂದು ಹೋಗಿ, ಮತ್ತೆ ಬರುತ್ತವೆ. 'ಮುಂದಿನ ತಿಂಗಳು 12ನೇ ತಾರೀಕು ಬರ್ತೀರಾ' ಅಂತ ಕೇಳಿದರೆ ಇವರೆಲ್ಲರ ಹೊಟ್ಟೆಯಲ್ಲೂ ಒಂದೇ ತರಹದ ತಳಮಳ.

ಹಾಗಾಗಿ ನನಗೇ ಗೊತ್ತಿಲ್ಲದ ಹಾಗೆ ಪ್ರತಿ ಕೆಲಸಕ್ಕೂ ಒಂದು ಪ್ರಶ್ನೆ ಕೇಳುತ್ತಾ ಬಂದಿದ್ದೇನೆ. ಒಂದು ದಿನ ನಾನು ಬರದಿದ್ದರೆ ಏನು ನಿಲ್ಲುತ್ತದೆ? ಏನೂ ನಿಲ್ಲದ ಕೆಲಸ ನನಗೆ ಸುರಕ್ಷಿತ. ಎಸ್ಟಿಮೇಟ್ ನಾಳೆ ಕೊಟ್ಟರೂ ನಡೆಯುತ್ತದೆ, ಇವತ್ತು ರಾತ್ರಿ ಕೂತು ಮಾಡಿದರೂ ನಡೆಯುತ್ತದೆ. ಆಪರೇಶನ್ ಮಾಡುವವರು, ತರಗತಿಯಲ್ಲಿ ಪಾಠ ಹೇಳುವವರು, ಬಸ್ ಓಡಿಸುವವರು ಹೀಗೆ ಮುಂದೂಡುವ ಹಾಗಿಲ್ಲ. ಆದರೆ ಸಂಸ್ಥೆಗಳ ಲೆಕ್ಕ ನೋಡಿ. ಯಾರಿಲ್ಲದಿದ್ದರೆ ಕೆಲಸ ನಿಲ್ಲುತ್ತದೋ ಅವರಿಗೇ ಬಡ್ತಿ. ಯಾರು ಇಲ್ಲದಿದ್ದರೂ ಗೊತ್ತಾಗುವುದಿಲ್ಲವೋ ಅವರ ಹೆಸರು ಮೀಟಿಂಗಿನಲ್ಲಿ ಬರುವುದೇ ಇಲ್ಲ. ಇಲ್ಲದಿದ್ದರೂ ನಡೆಯುವಂಥ ಜಾಗ ಹುಡುಕಿಕೊಂಡು ಹೋಗಿ ಕೂತವಳು ಆಮೇಲೆ 'ನನ್ನನ್ನು ಯಾರೂ ಗುರುತಿಸಲಿಲ್ಲ' ಅಂತ ಹೇಗೆ ದೂರುವುದು? ದೂರುತ್ತೇನೆ, ಅದು ಬೇರೆ ಮಾತು.

ಮಾತ್ರೆಗಳೂ ಕ್ಯಾಲೆಂಡರಿಗೆ ಕೈ ಹಾಕುತ್ತವೆ. ಈ ಕಾಯಿಲೆಗೆ ಸಾಮಾನ್ಯವಾಗಿ ಮೊದಲು ಕೊಡುವ ಮೆಥೋಟ್ರೆಕ್ಸೇಟನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಹಾಗಾಗಿ ವಾರದ ಯಾವ ದಿನ ಅಂತ ಚೀಟಿಯ ಮೇಲೆ ಬರೆಸಿಕೊಳ್ಳುತ್ತೇವೆ. ನುಂಗಿದ ಮಾರನೇ ದಿನ ಬಹಳ ಜನರಿಗೆ ವಾಕರಿಕೆ, ತಲೆಭಾರ, ಸುಸ್ತು. ಅದಕ್ಕೆ ಉದ್ಯೋಗದಲ್ಲಿರುವವರು ರಜೆಯ ಹಿಂದಿನ ರಾತ್ರಿಯನ್ನು ಮಾತ್ರೆಗೆ ಇಡುತ್ತಾರೆ. ಕೆಲಸದ ದಿನ ಕೆಲಸಕ್ಕೆ, ರಜೆಯ ದಿನ ಮಾತ್ರೆಗೆ. ಹೊಸ ಕೋರ್ಸ್ ಮಾಡುವುದು, ನಾಲ್ಕು ಜನರ ಪರಿಚಯ ಮಾಡಿಕೊಳ್ಳುವುದು, ಇವನ್ನೆಲ್ಲ ಜನ ರಜೆಯಲ್ಲಿ ಮಾಡುತ್ತಾರಂತೆ. ನಮ್ಮ ರಜೆ ಮಲಗಿಯೇ ಮುಗಿಯುತ್ತದೆ.

ದೊಡ್ಡವರ ಕತೆಗಳು

ಕಾಯಿಲೆ ಅಂತ ಗೊತ್ತಾದ ಕೂಡಲೇ ಜನ ಸ್ಫೂರ್ತಿಯ ಕತೆಗಳನ್ನು ಕಳಿಸಲು ಶುರು ಮಾಡುತ್ತಾರೆ. ನನಗೆ ಬಹಳ ಸಲ ಬಂದ ಹೆಸರು ಫ್ರೆಂಚ್ ಚಿತ್ರಕಾರ ರೆನ್ವಾರ್. ಅವರಿಗೂ ಇದೇ ಕಾಯಿಲೆ. 1890ರ ದಶಕದಿಂದ 1919ರಲ್ಲಿ ಸಾಯುವವರೆಗೂ ಅದರ ಜೊತೆಗೇ ಬದುಕಿದರು. ಬೆರಳುಗಳು ಸೊಟ್ಟಗಾಗಿ, ಗಾಲಿಕುರ್ಚಿಗೆ ಬಂದ ಮೇಲೂ ಚಿತ್ರ ಬರೆಯುವುದನ್ನು ಬಿಡಲಿಲ್ಲ. ದೊಡ್ಡ ವಿಷಯವೇ. ಆದರೆ ಕಾಯಿಲೆ ಜೋರಾಗುವ ಹೊತ್ತಿಗೆ ಅವರು ಹೆಸರು ಮಾಡಿ ಆಗಿತ್ತು. ಬ್ರಷ್ಷನ್ನು ಕೈಗೆ ಕೊಡಲು ಪಕ್ಕದಲ್ಲಿ ಜನ ಇದ್ದರು. ಕೊನೆಗಾಲದಲ್ಲಿ ಶಿಲ್ಪಗಳನ್ನೂ ಮಾಡಿದರು ಅನ್ನುತ್ತಾರಲ್ಲ, ಅವುಗಳಲ್ಲಿ ಹೆಚ್ಚಿನವನ್ನು ಮಾಡಿದ್ದು ರಿಶಾರ್ ಗೀನೋ ಎಂಬ ಯುವ ಶಿಲ್ಪಿಯ ಕೈ. ಆ ಕೃತಿಗಳಿಗೆ ಗೀನೋ ಕೂಡ ಕರ್ತೃ ಅಂತ ಫ್ರಾನ್ಸಿನ ಕೋರ್ಟು ಒಪ್ಪಿಕೊಂಡಿದ್ದು 1973ರಲ್ಲಿ. ಸ್ಫೂರ್ತಿಯ ಕತೆಯಲ್ಲಿ ಗೀನೋ ಬರುವುದಿಲ್ಲ. ನನ್ನ ಪಾಲಿನ ಗೀನೋ ಫೋಟೋ ಕಳಿಸಿದ ಆ ಮೇಸ್ತ್ರಿ. ಅವರ ಹೆಸರೂ ಯಾವ ರಿಪೋರ್ಟಿನಲ್ಲೂ ಇಲ್ಲ.

ಡಾರ್ವಿನ್ ಕತೆಯೂ ಹಾಗೆಯೇ. ಬೀಗಲ್ ಹಡಗಿನಿಂದ 1836ರಲ್ಲಿ ಮರಳಿದ ಮೇಲೆ ಜೀವನವಿಡೀ ವಾಂತಿ, ಹೊಟ್ಟೆನೋವು, ಎದೆಬಡಿತ, ಸುಸ್ತು. ಅದೇನು ಕಾಯಿಲೆ ಅನ್ನುವ ಬಗ್ಗೆ ಇವತ್ತಿಗೂ ವೈದ್ಯರು ವಾದ ಮಾಡುತ್ತಾರೆ. 1842ರಲ್ಲಿ ಹಳ್ಳಿಮನೆಗೆ ಹೋಗಿ ನೆಲೆಸಿ, ದಿನಕ್ಕೆ ಕೆಲವೇ ಗಂಟೆ ಕೆಲಸ ಮಾಡಿ ಅಷ್ಟೆಲ್ಲ ಬರೆದರು. ನಿಜ. ಆದರೆ ಅವರು ಯಾರ ಹತ್ತಿರವೂ ಸಂಬಳಕ್ಕೆ ಇರಲಿಲ್ಲ. ಮನೆಯ ಆಸ್ತಿ ಇತ್ತು, ಆಳುಕಾಳು ಇದ್ದರು, ನೋಡಿಕೊಳ್ಳಲು ಹೆಂಡತಿ ಎಮ್ಮಾ ಇದ್ದರು. ಅವರ ಹಾಜರಿ ಹಾಕುವವರೇ ಇರಲಿಲ್ಲ. ಅದೇ ಹೊಟ್ಟೆನೋವಿನ ಗುಮಾಸ್ತ ಏನಾದ ಅಂತ ಚರಿತ್ರೆ ಬರೆದಿಟ್ಟಿಲ್ಲ.

ಇವರಿಗಿಂತ ನನಗೆ ಹತ್ತಿರ ಅನ್ನಿಸುವುದು ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಸೋನಿಯಾ ಸೊಟೊಮಯೋರ್. ಅವರಿಗೆ 7ನೇ ವಯಸ್ಸಿನಲ್ಲಿ ಟೈಪ್ 1 ಡಯಾಬಿಟಿಸ್ ಅಂತ ಗೊತ್ತಾಯಿತು. ಪತ್ತೇದಾರಿ ಕತೆ ಓದಿ ಪತ್ತೇದಾರಳಾಗಬೇಕು ಅಂತ ಆಸೆ ಇತ್ತಂತೆ. ಈ ಕಾಯಿಲೆ ಇದ್ದವರಿಗೆ ಅದು ಆಗಲ್ಲ ಅಂದರು. ಆಮೇಲೆ ಟಿವಿಯಲ್ಲಿ ವಕೀಲರ ಧಾರಾವಾಹಿ ನೋಡಿ ಮನಸ್ಸು ಕಾನೂನಿನ ಕಡೆ ತಿರುಗಿತು. 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 'ನೋಡಿ, ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತೆ' ಅಂತ ಇದನ್ನು ಹೇಳುವವರಿದ್ದಾರೆ. ನನಗೆ ಅಲ್ಲಿ ಕಾಣುವುದು ಆ ಮಗು. ಕಾಯಿಲೆಯೇ ಇರದಿದ್ದರೂ ಪತ್ತೇದಾರಿಯ ಆಸೆ ತಾನಾಗಿಯೇ ಬಿಟ್ಟುಹೋಗುತ್ತಿತ್ತೇನೋ. ಹೆಚ್ಚಿನ ಮಕ್ಕಳಿಗೆ ಹಾಗೇ ಆಗುತ್ತದೆ, ಅಲ್ವಾ? ಆದರೆ ಬಿಟ್ಟುಹೋಗುವುದಕ್ಕೂ ಬಿಡಿಸುವುದಕ್ಕೂ ವ್ಯತ್ಯಾಸ ಇದೆ. ನಾನೂ ಸೈಟ್ ಬಿಟ್ಟು ಹೇಗಿದ್ದರೂ ಎಸ್ಟಿಮೇಟಿಗೇ ಬರುತ್ತಿದ್ದೆನೇನೋ. ಹಾಗಂತ ನನಗೇ ಸಮಾಧಾನ ಹೇಳಿಕೊಳ್ಳುತ್ತೇನೆ. ಪರೀಕ್ಷಿಸಿ ನೋಡಲು ಕಾಯಿಲೆ ಇಲ್ಲದ ಇನ್ನೊಬ್ಬ ನಾನು ಇಲ್ಲ.

ಹೇಳೋದಾ, ಬೇಡವಾ

ಇಂಟರ್‌ವ್ಯೂನಲ್ಲಿ ಹೇಳಿದರೆ ಕೆಲಸ ಸಿಗದೇ ಹೋಗಬಹುದು. ಹೇಳದಿದ್ದರೆ ಮೊದಲ ಫ್ಲೇರ್ ಬಂದಾಗ ಸೋಮಾರಿ ಅನ್ನುತ್ತಾರೆ. ಈ ಎರಡರ ಮಧ್ಯೆ ಎಲ್ಲರೂ ತಮ್ಮದೇ ಒಂದು ಸೂತ್ರ ಮಾಡಿಕೊಂಡಿರುತ್ತಾರೆ. ಕೆಲವರು ಕೆಲಸ ಖಾಯಂ ಆಗುವವರೆಗೆ ಬಾಯಿ ಬಿಡಲ್ಲ. ಕೆಲವರು ಮೇಲಧಿಕಾರಿಗೆ ಮಾತ್ರ ಹೇಳುತ್ತಾರೆ. ಮೇಲಧಿಕಾರಿ ಬದಲಾದರೆ ಕತೆ ಮತ್ತೆ ಮೊದಲಿಂದ. ನಾನು 'ಸ್ವಲ್ಪ ಕೀಲುನೋವು' ಅನ್ನುತ್ತಿದ್ದೆ. ಆ 'ಸ್ವಲ್ಪ'ವನ್ನು ಎಲ್ಲರೂ ನಂಬಿದರು. ನಂಬಿ, 'ನಮ್ಮತ್ತೆಗೂ ಇದೆ, ಬೆಳಗ್ಗೆ ವಾಕಿಂಗ್ ಮಾಡಿ ಸರಿಹೋಗುತ್ತೆ' ಅಂದರು.

ಕೆಲಸ ಬಿಡದಿರುವುದಕ್ಕೂ ಕಾಯಿಲೆ ಕಾರಣವಾಗುತ್ತದೆ. ಇದು ಹೊರಗಿನವರಿಗೆ ಬೇಗ ಹೊಳೆಯುವುದಿಲ್ಲ. ಕಂಪನಿ ಕೊಡುವ ಗುಂಪು ವಿಮೆಯಲ್ಲಿ ಮೊದಲಿನಿಂದ ಇರುವ ಕಾಯಿಲೆಗೂ ಸಾಮಾನ್ಯವಾಗಿ ರಕ್ಷಣೆ ಸಿಗುತ್ತದೆ. ಸ್ವಂತವಾಗಿ ತೆಗೆದುಕೊಳ್ಳಲು ಹೋದರೆ ಕಾಯಬೇಕು, ಪ್ರೀಮಿಯಂ ಏರುತ್ತದೆ, ಅರ್ಜಿಯೇ ತಿರಸ್ಕಾರವಾಗಬಹುದು. ಹಾಗಾಗಿ ಸ್ವಂತ ಕಚೇರಿ ತೆರೆಯಬೇಕು ಅಂತಿದ್ದವರು ವಿಮೆ ಕಾರ್ಡಿಗೆ ಅಂಟಿಕೊಂಡು ಇದ್ದಲ್ಲೇ ಇರುತ್ತಾರೆ. ನೋಡುವವರಿಗೆ ಅವರು ನಿಷ್ಠಾವಂತ ನೌಕರರು. ಹತ್ತು ವರ್ಷದ ಸೇವೆಗೆ ಫಲಕ ಕೂಡ ಕೊಡುತ್ತಾರೆ.

ಬಂದು ಹೋಗುವ ಕಾಯಿಲೆಯನ್ನು ಕಾನೂನು ಏನೆಂದು ಕರೆಯಬೇಕು ಅನ್ನುವುದೂ ಬಹಳ ಕಾಲ ಗೊಂದಲವಾಗಿತ್ತು. ಅಮೆರಿಕದ ಅಂಗವಿಕಲರ ಕಾಯ್ದೆ ಬಂದಿದ್ದು 1990ರಲ್ಲಿ. ಔಷಧಿಯಿಂದ ಹತೋಟಿಯಲ್ಲಿದ್ದರೆ ಅದು ಅಂಗವೈಕಲ್ಯವೇ ಅಲ್ಲ ಅನ್ನುವ ರೀತಿಯ ತೀರ್ಪುಗಳು ಅಲ್ಲಿ ಬಂದವು. 2008ರಲ್ಲಿ ತಿದ್ದುಪಡಿ ಮಾಡಿ, ಕಾಯಿಲೆ ಕೆರಳಿದಾಗ ಹೇಗಿರುತ್ತದೆ ಅನ್ನುವುದನ್ನು ನೋಡಬೇಕು, ಸುಮ್ಮನಿರುವ ಹೊತ್ತನ್ನಲ್ಲ ಅಂತ ಸೇರಿಸಬೇಕಾಯಿತು. ನನ್ನ ಹತ್ತು ಗಂಟೆಯ ಕೈಯನ್ನು ನೋಡಬೇಡಿ, ಆರು ಗಂಟೆಯದ್ದನ್ನು ನೋಡಿ ಅಂದ ಹಾಗೆ.

ಅದೇ ಕಾಯಿಲೆ, ಬೇರೆ ಕಾಲ

ಒಂದೇ ಕಾಯಿಲೆ ಯಾವ ಕಾಲದಲ್ಲಿ ಬಂತು ಅನ್ನುವುದರ ಮೇಲೂ ಉದ್ಯೋಗ ನಿಂತಿದೆ. ಮೆಥೋಟ್ರೆಕ್ಸೇಟಿಗೆ ಈ ಕಾಯಿಲೆಯ ಔಷಧವಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಇಟಾನರ್ಸೆಪ್ಟ್ ಎಂಬ ಚುಚ್ಚುಮದ್ದಿಗೆ 1998ರಲ್ಲಿ. ಅದಕ್ಕೂ ಮುಂಚೆ ಬಂಗಾರದ ಲವಣದ ಇಂಜೆಕ್ಷನ್, ನೋವಿನ ಮಾತ್ರೆ, ಸ್ಟೀರಾಯ್ಡ್ ಇಷ್ಟರಲ್ಲೇ ದಿನ ತಳ್ಳಿದವರೆಷ್ಟೋ. ಕೀಲು ಹಾಳಾಗುವ ಮುಂಚೆಯೇ, ಮೊದಲ ಕೆಲವು ತಿಂಗಳಲ್ಲೇ ಗಟ್ಟಿ ಔಷಧ ಶುರು ಮಾಡಬೇಕು ಅನ್ನುವುದು ಈಗಿನ ಪದ್ಧತಿ. ನನ್ನ ಬೆರಳುಗಳು ಇವತ್ತು ಕೀಬೋರ್ಡ್ ಒತ್ತುತ್ತಿರುವುದು ಅದರಿಂದ. ಒಂದು ತಲೆಮಾರು ಮುಂಚೆ ಹುಟ್ಟಿದ್ದರೆ ಬರೆಯಲು ಈ ಬಯೋಡೇಟಾವೂ ಇರುತ್ತಿರಲಿಲ್ಲ.

ಇನ್ಸುಲಿನ್ ಮೊದಲ ಸಲ ಮನುಷ್ಯನಿಗೆ ಕೊಟ್ಟಿದ್ದು 1922ರ ಜನವರಿಯಲ್ಲಿ, ಟೊರಾಂಟೊದಲ್ಲಿ, 14 ವರ್ಷದ ಹುಡುಗನಿಗೆ. ಅದಕ್ಕೂ ಮುಂಚೆ ಟೈಪ್ 1 ಬಂದ ಮಕ್ಕಳಿಗೆ ಉದ್ಯೋಗದ ಪ್ರಶ್ನೆಯೇ ಏಳುತ್ತಿರಲಿಲ್ಲ. ಬದುಕುಳಿದ ಮೇಲೂ ಇನ್ಸುಲಿನ್ ತೆಗೆದುಕೊಳ್ಳುವವರು ಬಹಳ ಕಾಲ ಪ್ರಯಾಣಿಕರ ವಿಮಾನ ಓಡಿಸುವ ಹಾಗಿರಲಿಲ್ಲ. ಬ್ರಿಟನ್ 2012ರಲ್ಲಿ ಕಟ್ಟುನಿಟ್ಟಿನ ಷರತ್ತು ಹಾಕಿ ಒಪ್ಪಿತು. ಹಾರುವ ಮುಂಚೆ, ಹಾರುವಾಗ, ಇಳಿಯುವ ಮುಂಚೆ ಸಕ್ಕರೆ ಅಳೆದು ಬರೆದಿಡಬೇಕು. ಅಮೆರಿಕ 2019ರಲ್ಲಿ ದಾರಿ ಮಾಡಿತು. ಕಾಯಿಲೆ ಅದೇ, ಅಳೆಯುವ ಯಂತ್ರ ಸುಧಾರಿಸಿತು, ಜೊತೆಗೆ ನಿಯಮ ಬರೆಯುವವರ ಧೈರ್ಯವೂ ಬೆಳೆಯಿತು. ಅಲ್ಲಿಯವರೆಗೆ 'ನನಗೆ ವಿಮಾನದಲ್ಲೇನೂ ಅಂಥ ಆಸಕ್ತಿ ಇರಲಿಲ್ಲ' ಅಂತ ಹೇಳಿಕೊಂಡು ಬೇರೆ ಕೆಲಸ ಹಿಡಿದವರು ಎಷ್ಟು ಜನ ಇರಬಹುದು ಅಂತ ಯೋಚಿಸುತ್ತೇನೆ. ಆ ಮಾತು ನನಗೆ ಚೆನ್ನಾಗಿ ಗೊತ್ತು. 2020ರಲ್ಲಿ ಎಲ್ಲರಿಗೂ ಬೇಕಾದಾಗ ಮನೆಯಿಂದ ಕೆಲಸ ಕೆಲವೇ ವಾರಗಳಲ್ಲಿ ಸಾಧ್ಯವಾಯಿತು. ನಾವು ಕೇಳುತ್ತಿದ್ದಾಗ ಅದು ತಾಂತ್ರಿಕವಾಗಿ ಕಷ್ಟ ಇತ್ತು. ಇರಲಿ.

ಈ ನಡುವೆ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಸಿವಿಲ್ ಮುಗಿಸಿದ್ದಾಳೆ. ಅಲ್ಸರೇಟಿವ್ ಕೊಲೈಟಿಸ್. ಕರುಳಿನ ಕಾಯಿಲೆ, ಕೆರಳಿದಾಗ ದಿನಕ್ಕೆ ಎಷ್ಟೋ ಸಲ ಟಾಯ್ಲೆಟ್ಟಿಗೆ ಓಡಬೇಕು, ಅದೂ ತಕ್ಷಣ. ಒಂದು ಡಿಸೈನ್ ಆಫೀಸು, ಒಂದು ಸೈಟು, ಎರಡು ಕಡೆಯಿಂದ ಕರೆ ಬಂದಿತ್ತು. "ಅಕ್ಕ, ಆಫೀಸಿಂದು ತಗೊಳ್ಳೋದೇ ಒಳ್ಳೇದಲ್ವಾ?" ಅಂದಳು. ಯಾವುದು ಇಷ್ಟ ಅಂತ ಕೇಳಿದೆ. ಸೈಟ್ ಅಂದಳು. ಹಾಗಾದರೆ ಆಫೀಸು ಒಳ್ಳೇದು ಅಂತ ನನ್ನ ಬಾಯಲ್ಲಿ ಹೇಳಿಸಬೇಡ, ಏನೇನು ಬೇಕು ಅಂತ ಅವರನ್ನೇ ಕೇಳು ಅಂದೆ. ಕಾಯಿಲೆಯ ಹೆಸರು ಹೇಳಲೇಬೇಕು ಅಂತೇನೂ ಇಲ್ಲ, ಬೇಕಾದ್ದನ್ನು ಮಾತ್ರ ಕೇಳು. ನೀನಿಲ್ಲದ ದಿನ ಯಾರು ನೋಡಿಕೊಳ್ಳುತ್ತಾರೆ ಅನ್ನೋದನ್ನೂ ಈಗಲೇ ಕೇಳಿಬಿಡು, ಆಮೇಲೆ ಕುರ್ಚಿ ಹಾಕಿಕೊಡುತ್ತಾರೆ ಅಂದೆ. ಕುರ್ಚಿಯ ಮಾತು ಅವಳಿಗೆ ಅರ್ಥ ಆಗಲಿಲ್ಲ. ವಿವರಿಸಲು ಅರ್ಧ ಗಂಟೆ ಹಿಡಿಯಿತು.

ಇಂಟರ್‌ವ್ಯೂ ಕೊನೆಯಲ್ಲಿ 'ನಿಮ್ಮದೇನಾದರೂ ಪ್ರಶ್ನೆ ಇದೆಯಾ' ಅಂದಾಗ, ಸೈಟಿನಲ್ಲಿ ಟಾಯ್ಲೆಟ್ ಎಲ್ಲಿದೆ, ಮೇಲಿನ ಮಹಡಿಯಿಂದ ಎಷ್ಟು ಹೊತ್ತಿನ ದಾರಿ ಅಂತ ಕೇಳಿದಳಂತೆ. ಮೂವರು ಕೂತಿದ್ದರಂತೆ, ಮೂವರೂ ಮುಖ ಮುಖ ನೋಡಿಕೊಂಡರಂತೆ. ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಒಬ್ಬರು ಸೈಟ್ ಪ್ಲಾನ್ ತರಿಸಿ ಹರಡಿ ಹುಡುಕಿದರು. ಹೆಂಗಸರಿಗೆ ಅಂತ ಇದ್ದದ್ದು ಗೇಟಿನ ಹತ್ತಿರ ಒಂದೇ ಒಂದು. "ಇದು ನಿಮಗೊಬ್ಬರಿಗೇ ಅಲ್ಲ, ಎಲ್ಲರಿಗೂ ತೊಂದರೆನೇ" ಅಂತ ಅವರೇ ಅಂದರಂತೆ. ಇನ್ನೊಂದು ಹಾಕಿಸುತ್ತೇವೆ ಅಂತ ಮಾತು ಕೊಟ್ಟಿದ್ದಾರೆ. ಅದನ್ನು ಮೇಲ್‌ನಲ್ಲಿ ಬರೆದು ಕಳಿಸಲು ಹೇಳು, ಆಮೇಲೆ ಸೇರು ಅಂದಿದ್ದೇನೆ.